ಅನಿವಾಸಿ ಸಮುದಾಯದ ಸಂಘಗಳು ಮತ್ತು ವಿದೇಶಾಂಗ ನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ದೇಶದಿಂದ ಹೋಗಿ ಇನ್ನೊಂದು ದೇಶದಲ್ಲಿ ಬೇರೂರಿದವರು ಅಲ್ಲಿನ ಸರ್ಕಾರದ ವಿದೇಶಾಂಗ ನೀತಿಯನ್ನು ಎಷ್ಟರ ಮಟ್ಟಿಗೆ ತಿದ್ದಬಲ್ಲರು ಎಂಬ ಬಗ್ಗೆ ಎರಡು ಅತಿರೇಕದ ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಇಂಥ ಸಂಘಗಳೇ ತೆರೆಯ ಹಿಂದೆ ನಿಂತು ಎಲ್ಲವನ್ನೂ ಆಡಿಸುತ್ತವೆ ಎಂಬುದು ಒಂದು. ವರ್ಷಕ್ಕೊಂದು ಔತಣಕೂಟ ನಡೆಸಿ ಗಣ್ಯರ ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುವುದಷ್ಟೇ ಅವುಗಳ ಸಾಧನೆ ಎಂಬುದು ಇನ್ನೊಂದು. ದಾಖಲೆಗಳನ್ನು ನೋಡಿದರೆ ಎರಡೂ ನಿಲ್ಲುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಅಮೆರಿಕದ ಉದಾಹರಣೆಗಳೇ ಹೆಚ್ಚಾಗಿವೆ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ವಿದೇಶಾಂಗ ವಿಷಯದಲ್ಲಿ ಸ್ವತಂತ್ರ ಅಧಿಕಾರವಿದೆ, ಮತ್ತು ಯಾರು ಯಾವ ಕಡೆಗೆ ಮತ ಹಾಕಿದರು ಎಂಬುದು ಹೆಸರು ಸಮೇತ ದಾಖಲಾಗುತ್ತದೆ ಎಂಬುದೇ ಅದಕ್ಕೆ ಕಾರಣ.

ಸಾಂಸ್ಕೃತಿಕ ಸಂಘಕ್ಕೂ ನೀತಿಯ ಮೇಲೆ ಒತ್ತಡ ತರುವ ಸಂಘಕ್ಕೂ ನಡುವಿನ ಗೆರೆ ಎಲ್ಲಿದೆ?

ಗೆರೆ ತೆಳುವಾದದ್ದು, ಎಷ್ಟೋ ಸಂಘಗಳು ತಮಗೇ ಅರಿವಿಲ್ಲದಂತೆ ಅದನ್ನು ದಾಟಿಬಿಡುತ್ತವೆ. ಭಾಷೆ ಕಲಿಸುವುದು, ಹಬ್ಬ ಆಚರಿಸುವುದು, ಹೊಸದಾಗಿ ಬಂದವರಿಗೆ ನೆರವಾಗುವುದು ಸಾಂಸ್ಕೃತಿಕ ಸಂಘದ ಕೆಲಸ. ನೆಲೆಸಿದ ದೇಶದ ಸರ್ಕಾರವು ತಾಯ್ನಾಡಿನ ವಿಷಯದಲ್ಲಿ ಇಂಥದ್ದನ್ನು ಮಾಡಬೇಕು, ಇಂಥದ್ದನ್ನು ಮಾಡಕೂಡದು ಎಂದು ಸಂಘಟಿತವಾಗಿ ಕೇಳಲು ಹೊರಟ ದಿನ ಅದು ಲಾಬಿ ಆಗುತ್ತದೆ. ಅಮೆರಿಕದ ಗ್ರೀಕ್ ಸಮುದಾಯದ ಅಹೆಪಾ ಸಂಘ 1922ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ್ದು ವಲಸಿಗರ ಮೇಲಿದ್ದ ಹಗೆತನವನ್ನು ಎದುರಿಸಲು, ತಾವೂ ಒಳ್ಳೆಯ ಅಮೆರಿಕನ್ನರೇ ಎಂದು ತೋರಿಸಿಕೊಳ್ಳಲು. ವಿದೇಶಾಂಗ ನೀತಿ ಆಗ ಅದರ ಮನಸ್ಸಿನಲ್ಲೇ ಇರಲಿಲ್ಲ. ಅರ್ಧ ಶತಮಾನದ ನಂತರ, 1974ರಲ್ಲಿ ಟರ್ಕಿಯ ಸೇನೆ ಗ್ರೀಕರೇ ಹೆಚ್ಚಾಗಿದ್ದ ಸೈಪ್ರಸ್ ದ್ವೀಪದಲ್ಲಿ ಇಳಿದಾಗ, ಊರೂರಿನಲ್ಲಿದ್ದ ಅದರ ಶಾಖೆಗಳೇ ಪತ್ರ, ಟೆಲಿಗ್ರಾಂ ಮತ್ತು ದೂರವಾಣಿ ಕರೆಗಳ ಜಾಲವಾಗಿ ಮಾರ್ಪಟ್ಟವು. ಬೇರೆ ಉದ್ದೇಶಕ್ಕೆ ಕಟ್ಟಿದ ಸಂಘಟನೆ ಸಿದ್ಧವಾಗಿದ್ದುದರಿಂದಲೇ ಕೆಲವೇ ವಾರಗಳಲ್ಲಿ ಅದು ಕಣಕ್ಕಿಳಿಯಲು ಸಾಧ್ಯವಾಯಿತು.

ವಿದೇಶಾಂಗ ನೀತಿ ಸರ್ಕಾರದ ಕೆಲಸ. ಅದರಲ್ಲಿ ಹೊರಗಿನವರು ಕೈ ಹಾಕಲು ಜಾಗವಾದರೂ ಎಲ್ಲಿದೆ?

ಯುದ್ಧ, ಸಂಧಾನ, ರಹಸ್ಯ ಮಾತುಕತೆ ಇವು ಸಂಘಗಳ ಕೈಗೆ ಎಟಕುವಂಥವಲ್ಲ. ಆದರೆ ವಿದೇಶಾಂಗ ನೀತಿಯ ದೊಡ್ಡ ಭಾಗ ಹಣ, ಪರವಾನಗಿ ಮತ್ತು ಕಾನೂನಿನ ವಾಕ್ಯಗಳ ರೂಪದಲ್ಲಿರುತ್ತದೆ, ಅಲ್ಲಿ ಬಾಗಿಲುಗಳಿವೆ. ಅಮೆರಿಕದಲ್ಲಿ ವಿದೇಶಿ ನೆರವಿನ ಪ್ರತಿಯೊಂದು ಡಾಲರಿಗೂ ಕಾಂಗ್ರೆಸ್ಸಿನ ಅನುಮೋದನೆ ಬೇಕು. ದೊಡ್ಡ ಶಸ್ತ್ರಾಸ್ತ್ರ ಮಾರಾಟಗಳನ್ನು ಅದಕ್ಕೆ ಮುಂಚಿತವಾಗಿ ತಿಳಿಸಬೇಕು. ರಾಯಭಾರಿಗಳ ನೇಮಕಕ್ಕೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ನಿರ್ಬಂಧಗಳನ್ನು ಕಾನೂನಾಗಿ ಬರೆದರೆ ಅಧ್ಯಕ್ಷರು ತಮ್ಮಷ್ಟಕ್ಕೆ ಅವನ್ನು ತೆಗೆದುಹಾಕಲಾರರು.

ಈ ಕೊನೆಯ ಮಾತಿನ ತೂಕ ಎಷ್ಟೆಂದು ತಿಳಿಯಲು ಕ್ಯೂಬಾದ ಪ್ರಕರಣವನ್ನು ನೋಡಬೇಕು. ಹೋರ್ಹೆ ಮಾಸ್ ಕನೋಸಾ ಅವರ ನಾಯಕತ್ವದಲ್ಲಿ 1981ರಲ್ಲಿ ಆರಂಭವಾದ ಕ್ಯೂಬನ್ ಅಮೆರಿಕನ್ ನ್ಯಾಷನಲ್ ಫೌಂಡೇಶನ್, ಕ್ಯಾಸ್ಟ್ರೊ ಸರ್ಕಾರದ ವಿರುದ್ಧದ ವಾಣಿಜ್ಯ ನಿರ್ಬಂಧ ಸಡಿಲಗೊಳ್ಳದಂತೆ ವರ್ಷಗಟ್ಟಲೆ ಕಾವಲು ಕಾಯಿತು. 1996ರ ಫೆಬ್ರುವರಿ 24ರಂದು ಕ್ಯೂಬಾದ ಯುದ್ಧವಿಮಾನಗಳು ಮಯಾಮಿಯ ದೇಶಭ್ರಷ್ಟರ ಗುಂಪಿಗೆ ಸೇರಿದ ಎರಡು ಚಿಕ್ಕ ವಿಮಾನಗಳನ್ನು ಹೊಡೆದುರುಳಿಸಿ ನಾಲ್ವರು ಸತ್ತರು. ಅಲ್ಲಿಯವರೆಗೆ ನನೆಗುದಿಗೆ ಬಿದ್ದಿದ್ದ ಹೆಲ್ಮ್ಸ್–ಬರ್ಟನ್ ಮಸೂದೆಗೆ ಮೂರು ವಾರದೊಳಗೆ, ಮಾರ್ಚ್ 12ರಂದು, ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಅಧ್ಯಕ್ಷರ ಆದೇಶವಾಗಿದ್ದ ನಿರ್ಬಂಧ ಅಂದಿನಿಂದ ಕಾನೂನಾಯಿತು. 2014ರ ಡಿಸೆಂಬರಿನಲ್ಲಿ ಒಬಾಮಾ ಕ್ಯೂಬಾ ಜೊತೆಗಿನ ಸಂಬಂಧವನ್ನು ಸರಿಪಡಿಸಲು ನಿರ್ಧರಿಸಿ, ಮರುವರ್ಷ ಎರಡೂ ರಾಜಧಾನಿಗಳಲ್ಲಿ ರಾಯಭಾರ ಕಚೇರಿಗಳು ತೆರೆದರೂ, ವಾಣಿಜ್ಯ ನಿರ್ಬಂಧ ಮಾತ್ರ ಇದ್ದಲ್ಲಿಯೇ ಉಳಿಯಿತು. ಮಾಸ್ ಕನೋಸಾ ತೀರಿಕೊಂಡು ಆಗ ಹದಿನೇಳು ವರ್ಷ ಕಳೆದಿತ್ತು.

ಸಂಸದೀಯ ಪದ್ಧತಿಯ ದೇಶಗಳಲ್ಲಿಯೂ ಇದು ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ದಾರಿ ಬೇರೆ. ಪಕ್ಷದ ಸಚೇತಕರ ಆಜ್ಞೆಯಂತೆ ಮತ ಹಾಕುವ ಸಂಸದರೊಬ್ಬರ ಮನ ಒಲಿಸಿ ಹೆಚ್ಚು ಪ್ರಯೋಜನವಿಲ್ಲ; ಅಲ್ಲಿ ಸಂಘಗಳು ಪಕ್ಷದೊಳಗೆ, ಅಭ್ಯರ್ಥಿಗಳ ಆಯ್ಕೆಯ ಹಂತದಲ್ಲಿ, ಮಂತ್ರಿಗಳ ಕಚೇರಿಯಲ್ಲಿ ಕೆಲಸ ಮಾಡುತ್ತವೆ. 1991ರ ಡಿಸೆಂಬರ್ 1ರಂದು ಉಕ್ರೇನಿನ ಜನ ಸ್ವಾತಂತ್ರ್ಯದ ಪರವಾಗಿ ಮತ ಹಾಕಿದ ಮರುದಿನವೇ ಕೆನಡಾ ಅದಕ್ಕೆ ಮಾನ್ಯತೆ ನೀಡಿತು. ದೊಡ್ಡ ಪಾಶ್ಚಾತ್ಯ ರಾಷ್ಟ್ರಗಳು ಆಗಿನ್ನೂ ಮೀನ ಮೇಷ ಎಣಿಸುತ್ತಿದ್ದವು. ಕೆನಡಾದಲ್ಲಿ ಉಕ್ರೇನ್ ಮೂಲದವರು ಸುಮಾರು ಹತ್ತು ಲಕ್ಷ ಮಂದಿ ಇದ್ದರು, ಅವರ ಒಕ್ಕೂಟ 1940ರಿಂದಲೂ ಅಸ್ತಿತ್ವದಲ್ಲಿತ್ತು ಎಂಬುದನ್ನು ನೆನೆದರೆ ಆ ಅವಸರ ವಿಚಿತ್ರವೆನಿಸುವುದಿಲ್ಲ.

ಸಂಸದರ ಕಚೇರಿಯಲ್ಲಿ ಭೇಟಿ ಎಂದರೆ ನಿಜವಾಗಿ ನಡೆಯುವುದೇನು?

ಮೊದಲ ಸಲ ಹೋದವರಿಗೆ ನಿರಾಸೆಯಾಗುವುದು ಸಾಮಾನ್ಯ. ಸಂಸದರು ಸಭೆಯಲ್ಲಿರುತ್ತಾರೆ, ಎದುರಿಗೆ ಕೂರುವುದು ಇಪ್ಪತ್ತರ ಹರೆಯದ ಒಬ್ಬ ಸಹಾಯಕ ಅಥವಾ ಸಹಾಯಕಿ. ವಿದೇಶಾಂಗ ವಿಷಯದ ಜೊತೆಗೆ ಕೃಷಿಯನ್ನೋ ನಿವೃತ್ತ ಸೈನಿಕರ ಪಿಂಚಣಿಯನ್ನೋ ಅವರೇ ನೋಡಿಕೊಳ್ಳುತ್ತಿರುತ್ತಾರೆ. ಸಿಗುವ ಸಮಯ ಹದಿನೈದು ಇಪ್ಪತ್ತು ನಿಮಿಷ. ಕೋಣೆ ಖಾಲಿ ಇಲ್ಲದಿದ್ದರೆ ಕಾರಿಡಾರಿನಲ್ಲಿ ನಿಂತುಕೊಂಡೇ ಮಾತು. ಅವರಿಗೆ ಮೊದಲು ತಿಳಿಯಬೇಕಾದದ್ದು, ಬಂದವರಲ್ಲಿ ತಮ್ಮ ಕ್ಷೇತ್ರದ ಮತದಾರರು ಯಾರಾದರೂ ಇದ್ದಾರೆಯೇ ಎಂಬುದು. ಹಾಗಾಗಿ ಅನುಭವವಿರುವ ಸಂಘಗಳು ಅಧ್ಯಕ್ಷರನ್ನು ಹಿಂದೆ ಕೂರಿಸಿ, ಆ ಕ್ಷೇತ್ರದಲ್ಲಿ ವಾಸಿಸುವ ವೈದ್ಯೆಯನ್ನೋ ಅಂಗಡಿಯ ಮಾಲೀಕರನ್ನೋ ಮೊದಲು ಮಾತನಾಡಿಸುತ್ತವೆ.

ಹೊಸಬರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ: ತಾಯ್ನಾಡಿನ ಇತಿಹಾಸವನ್ನು ಮೂಲದಿಂದ ಹೇಳಲು ತೊಡಗುತ್ತಾರೆ, ಸಾಮ್ರಾಜ್ಯಗಳು ಎದ್ದು ಬೀಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಬಂದದ್ದೇಕೆ ಎಂಬುದು ಹೇಳದೇ ಉಳಿಯುತ್ತದೆ. ಪಳಗಿದವರ ಕೈಯಲ್ಲಿ ಒಂದೇ ಹಾಳೆ ಇರುತ್ತದೆ. ಮೇಲೆ ಮಸೂದೆಯ ಸಂಖ್ಯೆ, ಅದರ ಕೆಳಗೆ ಒಂದೇ ಬೇಡಿಕೆ: ಸಹ ಪ್ರಾಯೋಜಕರಾಗಿ ಹೆಸರು ಸೇರಿಸಿ, ಅಥವಾ ಇಂಥ ಪತ್ರಕ್ಕೆ ಸಹಿ ಹಾಕಿ, ಅಥವಾ ಇಂಥ ತಿದ್ದುಪಡಿಯನ್ನು ವಿರೋಧಿಸಿ. ಅದರಡಿಯಲ್ಲಿ ಆ ಕ್ಷೇತ್ರಕ್ಕೂ ವಿಷಯಕ್ಕೂ ಇರುವ ನಂಟನ್ನು ತೋರಿಸುವ ನಾಲ್ಕಾರು ಸಾಲು. ವಾರದೊಳಗೆ ಧನ್ಯವಾದದ ಪತ್ರ ಹೋಗುತ್ತದೆ, ತಿಂಗಳಿಗೊಮ್ಮೆ ಒಂದು ಮಾಹಿತಿ. ಆ ಸಹಾಯಕರು ಒಂದೆರಡು ವರ್ಷಕ್ಕೆ ಬೇರೆ ಕೆಲಸಕ್ಕೆ ಹೋಗುತ್ತಾರೆ, ಹೊಸಬರೊಂದಿಗೆ ಎಲ್ಲವೂ ಮತ್ತೆ ಮೊದಲಿನಿಂದ. ಈ ಏಕತಾನತೆಯನ್ನು ತಾಳಿಕೊಳ್ಳುವ ಸಂಘಗಳು ಉಳಿಯುತ್ತವೆ. ಉಳಿದವು ಮೂರನೆಯ ವರ್ಷಕ್ಕೆ ಔತಣಕೂಟಕ್ಕೆ ಮರಳುತ್ತವೆ.

ಮತದಾರರ ಸಂಖ್ಯೆ ಮುಖ್ಯವೋ, ಹಣ ಮುಖ್ಯವೋ?

ಎರಡಕ್ಕಿಂತಲೂ ಆ ಮತದಾರರು ಎಲ್ಲಿದ್ದಾರೆ ಎಂಬುದು ಹೆಚ್ಚು ಮುಖ್ಯ. ದೇಶದ ಉದ್ದಗಲಕ್ಕೂ ಚದುರಿದ ಹತ್ತು ಲಕ್ಷ ಜನರಿಗಿಂತ, ಫಲಿತಾಂಶ ತೂಗಾಡುವ ಒಂದು ರಾಜ್ಯದಲ್ಲಿ ಒತ್ತಾಗಿ ನೆಲೆಸಿದ ಎರಡು ಲಕ್ಷ ಜನರ ಮಾತು ದೊಡ್ಡದಾಗಿ ಕೇಳಿಸುತ್ತದೆ. ಅಮೆರಿಕದ ಒಟ್ಟು ಜನಸಂಖ್ಯೆಯಲ್ಲಿ ಕ್ಯೂಬನ್ನರ ಪಾಲು ಸಣ್ಣದು, ಆದರೆ ಅವರಲ್ಲಿ ಬಹುಪಾಲು ಜನ ಫ್ಲಾರಿಡಾದಲ್ಲಿದ್ದಾರೆ. 2000ದ ಅಧ್ಯಕ್ಷೀಯ ಚುನಾವಣೆ ತೀರ್ಮಾನವಾದದ್ದು ಆ ರಾಜ್ಯದ 537 ಮತಗಳಿಂದ. ಹಣದ ವಿಷಯಕ್ಕೆ ಬಂದರೆ, ಅದು ಬಾಗಿಲು ತೆರೆಸುತ್ತದೆ, ಮಾತು ಕೇಳಿಸಿಕೊಳ್ಳುವಂತೆ ಮಾಡುತ್ತದೆ, ಎದುರಾಳಿಗೆ ಹೆದರಿಕೆ ಹುಟ್ಟಿಸುತ್ತದೆ; ಮನಸ್ಸು ಗಟ್ಟಿಯಾಗಿರುವ ಸಂಸದರ ಮತವನ್ನು ಅದರಿಂದ ತಿರುಗಿಸುವುದು ಸುಲಭವಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ: ಅಮೆರಿಕದ ಚುನಾವಣೆಗಳಿಗೆ ವಿದೇಶಿ ಪ್ರಜೆಗಳು ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಪಡೆದ ಕಾಯಂ ನಿವಾಸಿಗಳು ಕೊಡಬಹುದು. ತಾತ್ಕಾಲಿಕ ವೀಸಾದಲ್ಲಿ ಕೆಲಸ ಮಾಡುತ್ತಿರುವವರು ಉತ್ಸಾಹದಿಂದ ಚೆಕ್ ಬರೆದರೆ ಅದು ಅಪರಾಧವಾಗುತ್ತದೆ.

ಸಣ್ಣ ಕ್ರಮಗಳಿಂದ ದೊಡ್ಡ ಬದಲಾವಣೆ ಆದದ್ದುಂಟೇ?

ಉಂಟು. 1994ರ ಜನವರಿ ಕೊನೆಯಲ್ಲಿ, ಉತ್ತರ ಐರ್ಲೆಂಡ್ ಬ್ರಿಟನ್ನಿನಿಂದ ಬೇರ್ಪಡಬೇಕೆನ್ನುತ್ತಿದ್ದ ಐರಿಷ್ ಗಣರಾಜ್ಯವಾದಿ ನಾಯಕ ಜೆರ್ರಿ ಆಡಮ್ಸ್ ಅವರಿಗೆ ಅಮೆರಿಕ 48 ಗಂಟೆಗಳ ವೀಸಾ ನೀಡಿತು. ಬ್ರಿಟನ್ ಅದನ್ನು ಉಗ್ರವಾಗಿ ವಿರೋಧಿಸಿತ್ತು. ಅಮೆರಿಕದ ವಿದೇಶಾಂಗ ಇಲಾಖೆ ಮತ್ತು ನ್ಯಾಯ ಇಲಾಖೆ ಕೂಡ ಬೇಡವೆಂದಿದ್ದವು. ಐರಿಷ್ ಮೂಲದ ಉದ್ಯಮಿಗಳು, ಪತ್ರಕರ್ತರು, ಮಾಜಿ ಸಂಸದರು ಸೇರಿದ್ದ ಒಂದು ಸಣ್ಣ ಗುಂಪು ಬೆಲ್‌ಫಾಸ್ಟ್‌ಗೂ ವಾಷಿಂಗ್ಟನ್‌ಗೂ ಓಡಾಡಿ, ಈ ವೀಸಾ ಕದನ ವಿರಾಮದ ಪರವಾಗಿರುವವರ ಕೈ ಬಲಪಡಿಸುತ್ತದೆ ಎಂದು ಕ್ಲಿಂಟನ್ ಅವರ ಸಲಹೆಗಾರರನ್ನು ಒಪ್ಪಿಸಿತ್ತು. ಅದೇ ವರ್ಷ ಆಗಸ್ಟ್ 31ರಂದು, ಅದೇ ಗುರಿಗಾಗಿ ಶಸ್ತ್ರ ಹಿಡಿದಿದ್ದ ಐಆರ್‌ಎ ಕದನ ವಿರಾಮ ಘೋಷಿಸಿತು. ವೀಸಾದಿಂದಲೇ ಶಾಂತಿ ಬಂತು ಎನ್ನುವುದು ಅತಿಶಯೋಕ್ತಿಯಾದೀತು. ಆದರೆ ಎರಡು ದಿನದ ಒಂದು ಪರವಾನಗಿಯನ್ನು ಹಿಡಿದು ನಾಲ್ಕು ವರ್ಷಗಳ ನಂತರದ ಗುಡ್ ಫ್ರೈಡೇ ಶಾಂತಿ ಒಪ್ಪಂದದತ್ತ ದಾರಿ ನೋಡಿದವರ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಸರ್ಕಾರದ ಇಚ್ಛೆಗೆ ವಿರುದ್ಧವಾಗಿ ಇಡೀ ನೀತಿಯನ್ನೇ ತಿರುಗಿಸಿದ ಉದಾಹರಣೆ ಇದೆಯೇ?

ಎರಡನ್ನು ಹೇಳಬಹುದು. ಒಂದು, ಮೇಲೆ ಹೇಳಿದ ಗ್ರೀಕ್ ಪ್ರಕರಣ. ಅಮೆರಿಕ ಕೊಟ್ಟ ಶಸ್ತ್ರಗಳನ್ನು ಆತ್ಮರಕ್ಷಣೆಗಷ್ಟೇ ಬಳಸಬೇಕೆಂದು ಕಾನೂನು ಹೇಳುತ್ತಿತ್ತು. ಟರ್ಕಿ ಅವನ್ನು ಸೈಪ್ರಸ್‌ನಲ್ಲಿ ಬಳಸಿತು. ಗ್ರೀಕ್ ಅಮೆರಿಕನ್ನರು ತಾಯ್ನಾಡಿನ ಮೇಲಿನ ಪ್ರೀತಿಯನ್ನು ಮುಂದಿಡದೆ, ನಮ್ಮ ದೇಶದ ಕಾನೂನನ್ನು ನಮ್ಮ ಸರ್ಕಾರ ಪಾಲಿಸಲಿ ಎಂಬ ವಾದವನ್ನು ಮುಂದಿಟ್ಟದ್ದು ಜಾಣತನ. ಗ್ರೀಕ್ ಮೂಲದ ಸಂಸದರಾದ ಜಾನ್ ಬ್ರೆಡೆಮಾಸ್ ಮತ್ತು ಪಾಲ್ ಸಾರ್ಬೇನ್ಸ್ ಮಾತ್ರವಲ್ಲ, ಆ ಸಮುದಾಯಕ್ಕೆ ಸೇರದವರೂ ಅದಕ್ಕೆ ದನಿಗೂಡಿಸಿದರು. ಅಧ್ಯಕ್ಷ ಫೋರ್ಡ್ ಮತ್ತು ವಿದೇಶಾಂಗ ಸಚಿವ ಕಿಸಿಂಜರ್ ಎಷ್ಟು ಪ್ರತಿರೋಧಿಸಿದರೂ 1975ರ ಫೆಬ್ರುವರಿ 5ರಂದು ಟರ್ಕಿಗೆ ಶಸ್ತ್ರ ನಿರ್ಬಂಧ ಜಾರಿಯಾಯಿತು. ಟರ್ಕಿ ತನ್ನ ನೆಲದಲ್ಲಿದ್ದ ಅಮೆರಿಕದ ನೆಲೆಗಳ ಕೆಲಸವನ್ನು ನಿಲ್ಲಿಸಿ ಪ್ರತೀಕಾರ ತೀರಿಸಿಕೊಂಡಿತು. ನಿರ್ಬಂಧ 1978ರಲ್ಲಿ ತೆರವಾಯಿತು. ಟರ್ಕಿಯ ಸೇನೆ ಸೈಪ್ರಸ್ ಬಿಟ್ಟು ಹೋಗಲಿಲ್ಲ. ವಾಷಿಂಗ್ಟನ್‌ನಲ್ಲಿ ಗೆಲುವು, ದ್ವೀಪದಲ್ಲಿ ಸೋಲು.

ಎರಡನೆಯದು ದಕ್ಷಿಣ ಆಫ್ರಿಕದ್ದು. ಇದು ನಿಧಾನವಾಗಿ ಹೇಳಬೇಕಾದ ಕಥೆ. ಆಫ್ರಿಕನ್ ಅಮೆರಿಕನ್ನರನ್ನು ಅನಿವಾಸಿಗಳೆನ್ನುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಗುಲಾಮರಾಗಿ ತರಲ್ಪಟ್ಟವರ ಸಂತತಿಗೆ ತಾಯ್ನಾಡು ಒಂದು ದೇಶವಲ್ಲ, ಖಂಡ. ಆದರೂ ಆ ನಂಟನ್ನು ರಾಜಕೀಯ ಶಕ್ತಿಯಾಗಿ ಮಾರ್ಪಡಿಸಲೆಂದೇ 1977ರಲ್ಲಿ ಟ್ರಾನ್ಸ್‌ಆಫ್ರಿಕಾ ಎಂಬ ಸಂಘಟನೆ ರ‍್ಯಾಂಡಲ್ ರಾಬಿನ್ಸನ್ ಅವರ ನೇತೃತ್ವದಲ್ಲಿ ರೂಪುಗೊಂಡಿತು. ರೇಗನ್ ಆಡಳಿತ ವರ್ಣಭೇದದ ಸರ್ಕಾರದೊಂದಿಗೆ ಮೆಲ್ಲಗೆ ಮಾತನಾಡಿ ಬದಲಾವಣೆ ತರುತ್ತೇವೆ ಎನ್ನುತ್ತಿತ್ತು. 1984ರ ನವೆಂಬರ್ 21ರಂದು, ಥ್ಯಾಂಕ್ಸ್‌ಗಿವಿಂಗ್ ರಜೆಯ ಹಿಂದಿನ ದಿನ, ರಾಬಿನ್ಸನ್, ಸಂಸದ ವಾಲ್ಟರ್ ಫಾಂಟ್ರಾಯ್, ನಾಗರಿಕ ಹಕ್ಕುಗಳ ಆಯೋಗದ ಮೇರಿ ಫ್ರಾನ್ಸಿಸ್ ಬೆರಿ ಮತ್ತು ವಕೀಲೆ ಎಲಿನರ್ ಹೋಮ್ಸ್ ನಾರ್ಟನ್ ದಕ್ಷಿಣ ಆಫ್ರಿಕದ ರಾಯಭಾರಿಯನ್ನು ಕಾಣಲು ಅವರ ಕಚೇರಿಗೆ ಹೋದರು. ಮಾತುಕತೆಯ ನಡುವೆ ನಾರ್ಟನ್ ಎದ್ದು ಹೊರಬಂದು, ಒಳಗಿರುವ ಮೂವರು ತಮ್ಮ ಬೇಡಿಕೆ ಈಡೇರುವವರೆಗೆ ಕದಲುವುದಿಲ್ಲವೆಂದು ಪತ್ರಕರ್ತರಿಗೆ ತಿಳಿಸಿದರು. ಮೂವರನ್ನೂ ಪೊಲೀಸರು ಬಂಧಿಸಿದರು. ರಜೆಯ ದಿನಗಳಲ್ಲಿ ಸುದ್ದಿಗೆ ಬರವಿರುತ್ತದೆ ಎಂಬುದು ಸಂಘಟಕರಿಗೆ ಗೊತ್ತಿತ್ತು.

ಅಂದಿನಿಂದ ರಾಯಭಾರ ಕಚೇರಿಯ ಮುಂದೆ ದಿನವೂ ಮೆರವಣಿಗೆ, ದಿನವೂ ಬಂಧನ. ಸಂಸದರು, ಕಲಾವಿದರು, ಪಾದ್ರಿಗಳು, ಶಿಕ್ಷಕರು ಸರದಿಯಲ್ಲಿ ಬಂದು ಕೈಗೆ ಬೇಡಿ ತೊಡಿಸಿಕೊಂಡರು. ವಿಶ್ವವಿದ್ಯಾಲಯಗಳು ತಮ್ಮ ಹೂಡಿಕೆಯನ್ನು ಹಿಂತೆಗೆದುಕೊಳ್ಳಬೇಕೆಂಬ ವಿದ್ಯಾರ್ಥಿ ಚಳವಳಿ ಜೊತೆಗೂಡಿತು. 1986ರಲ್ಲಿ ಕಾಂಗ್ರೆಸ್ ವರ್ಣಭೇದ ವಿರೋಧಿ ಕಾನೂನನ್ನು ಅಂಗೀಕರಿಸಿ ಹೊಸ ಹೂಡಿಕೆಯನ್ನೂ, ದಕ್ಷಿಣ ಆಫ್ರಿಕದ ಕಲ್ಲಿದ್ದಲು, ಯುರೇನಿಯಂ, ಉಕ್ಕಿನ ಆಮದನ್ನೂ ನಿಷೇಧಿಸಿತು. ರೇಗನ್ ವೀಟೊ ಚಲಾಯಿಸಿದರು. ಕೆಳಮನೆಯಾದ ಪ್ರತಿನಿಧಿಗಳ ಸಭೆ 313–83ರಿಂದ, ಸೆನೆಟ್ 78–21ರಿಂದ ಆ ವೀಟೊವನ್ನು ತಳ್ಳಿಹಾಕಿದವು. ರೇಗನ್ ಅವರ ಪಕ್ಷವೇ ಆಗ ಸೆನೆಟ್ಟಿನಲ್ಲಿ ಬಹುಮತದಲ್ಲಿತ್ತು. ಒಂದು ಸಮುದಾಯದ ಬೇಡಿಕೆ ಇಡೀ ದೇಶದ ಆತ್ಮಸಾಕ್ಷಿಯ ಪ್ರಶ್ನೆಯಾಗಿ ಬೆಳೆದಾಗ ಮಾತ್ರ ಇಂಥದ್ದು ಸಾಧ್ಯ.

ಭಾರತ–ಅಮೆರಿಕ ಪರಮಾಣು ಒಪ್ಪಂದ ಅನಿವಾಸಿ ಭಾರತೀಯರಿಂದಲೇ ಆಯಿತು ಎನ್ನುತ್ತಾರೆ. ನಿಜವೇ?

ಅರ್ಧ ನಿಜ. 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ಜಂಟಿ ಹೇಳಿಕೆ ನೀಡಿದ್ದು ಯಾವ ಸಂಘದ ಒತ್ತಡದಿಂದಲೂ ಅಲ್ಲ. ಚೀನಾದ ಬೆಳವಣಿಗೆ, ಇಂಧನದ ಅಗತ್ಯ, ಎರಡೂ ಸರ್ಕಾರಗಳ ಲೆಕ್ಕಾಚಾರ ಅದರ ಹಿಂದಿದ್ದವು. ಆದರೆ ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕದ ದೇಶಕ್ಕೆ ವಿನಾಯಿತಿ ನೀಡಲು ಕಾನೂನನ್ನೇ ತಿದ್ದಬೇಕಿತ್ತು, ಮತ್ತು ಪ್ರಸರಣ ವಿರೋಧಿ ತಜ್ಞರ ಮಾತಿಗೆ ಕಾಂಗ್ರೆಸ್ಸಿನಲ್ಲಿ ತೂಕವಿತ್ತು. ಅಲ್ಲಿ ಭಾರತೀಯ ಮೂಲದವರು ಕೆಲಸಕ್ಕೆ ಬಂದರು. 1993ರಲ್ಲೇ ಪ್ರತಿನಿಧಿಗಳ ಸಭೆಯಲ್ಲಿ ಭಾರತದ ಬಗ್ಗೆ ಆಸಕ್ತಿಯುಳ್ಳ ಸದಸ್ಯರ ಕೂಟವೊಂದು ರಚನೆಯಾಗಿತ್ತು. ವೈದ್ಯರು ಮತ್ತು ಹೋಟೆಲ್ ಮಾಲೀಕರ ಸಂಘಗಳು ಪ್ರತಿ ರಾಜ್ಯದಲ್ಲೂ ಹರಡಿದ್ದವು. 2002ರಲ್ಲಿ ಯುಎಸ್‌ಇನ್‌ಪ್ಯಾಕ್ ಎಂಬ ರಾಜಕೀಯ ಸಮಿತಿಯೂ ಹುಟ್ಟಿತ್ತು. ಜೊತೆಗೆ ಅಮೆರಿಕದ ಉದ್ದಿಮೆಗಳ ಕೂಟಗಳು ವ್ಯಾಪಾರದ ಆಸೆಯಿಂದ ದುಡಿದವು, ಭಾರತ ಸರ್ಕಾರವೂ ವಾಷಿಂಗ್ಟನ್ನಿನ ಲಾಬಿ ಸಂಸ್ಥೆಗಳನ್ನು ನೇಮಿಸಿಕೊಂಡಿತ್ತು. 2008ರ ಸೆಪ್ಟೆಂಬರ್ 27ರಂದು ಪ್ರತಿನಿಧಿಗಳ ಸಭೆಯಲ್ಲಿ 298–117, ಅಕ್ಟೋಬರ್ 1ರಂದು ಸೆನೆಟ್ಟಿನಲ್ಲಿ 86–13 ಮತಗಳಿಂದ ಒಪ್ಪಂದ ಗೆದ್ದಿತು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಗಾಳಿಯನ್ನು ಎಬ್ಬಿಸಿದ್ದು ಸರ್ಕಾರಗಳು. ಮೊರ ಹಿಡಿದು ಕಣದಲ್ಲಿ ಸಿದ್ಧವಾಗಿ ನಿಂತದ್ದು ಸಂಘಗಳ ಹೆಚ್ಚುಗಾರಿಕೆ. ಬಹಳಷ್ಟು ಅನಿವಾಸಿ ಲಾಬಿಗಳ ಗೆಲುವನ್ನು ಹೀಗೆ ಅರ್ಥಮಾಡಿಕೊಂಡರೆ ಹೊಗಳಿಕೆಯೂ ಹೆಚ್ಚಾಗುವುದಿಲ್ಲ, ತೆಗಳಿಕೆಯೂ ಹೆಚ್ಚಾಗುವುದಿಲ್ಲ.

ಬಲಾಢ್ಯ ಸಂಘಗಳು ಸೋಲುವುದೇ ಇಲ್ಲವೇ?

ಸೋಲುತ್ತವೆ, ಅದೂ ಎಲ್ಲರೂ ನೋಡುವಂತೆ. ಇಸ್ರೇಲ್ ಪರವಾದ ಐಪ್ಯಾಕ್ ವಾಷಿಂಗ್ಟನ್ನಿನ ಅತಿ ಪ್ರಬಲ ಸಂಘಟನೆಗಳಲ್ಲಿ ಒಂದೆಂದು ಹೆಸರಾಗಿದೆ. 1981ರಲ್ಲಿ ಸೌದಿ ಅರೇಬಿಯಾಕ್ಕೆ ಐದು ಅವಾಕ್ಸ್ ಕಣ್ಗಾವಲು ವಿಮಾನಗಳನ್ನೂ ಇತರ ಉಪಕರಣಗಳನ್ನೂ ಮಾರುವ ಪ್ರಸ್ತಾವವನ್ನು ಅದು ಸರ್ವಶಕ್ತಿಯಿಂದ ವಿರೋಧಿಸಿತು. ಪ್ರತಿನಿಧಿಗಳ ಸಭೆ 301–111ರಿಂದ ಮಾರಾಟವನ್ನು ತಿರಸ್ಕರಿಸಿದರೂ, ರೇಗನ್ ಒಬ್ಬೊಬ್ಬ ಸೆನೆಟರನ್ನೂ ಕರೆಸಿ ಮಾತನಾಡಿದ ಮೇಲೆ ಸೆನೆಟ್ಟಿನಲ್ಲಿ 52–48ರಿಂದ ಸರ್ಕಾರವೇ ಗೆದ್ದಿತು. 2015ರ ಇರಾನ್ ಪರಮಾಣು ಒಪ್ಪಂದದ ವಿಷಯದಲ್ಲೂ ಅದೇ ಸಂಘಟನೆ ಭಾರೀ ಹಣ ಸುರಿದು ಸೋತಿತು. ರಾಷ್ಟ್ರೀಯ ಭದ್ರತೆಯ ಪ್ರಶ್ನೆಯೆಂದು ಅಧ್ಯಕ್ಷರು ತಾವೇ ಪೂರ್ತಿಯಾಗಿ ಮುಂದೆ ನಿಂತಾಗ ಅವರನ್ನು ಮಣಿಸುವುದು ಕಷ್ಟ.

ಮತದಾನದ ಹಕ್ಕೇ ಇಲ್ಲದ ವಲಸಿಗರು ಏನು ಮಾಡಬಲ್ಲರು?

ಜೆ. ಜೆ. ಸಿಂಗ್ ಅವರ ಉದಾಹರಣೆ ಇದೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪು ನೀಡಿತ್ತು. ವ್ಯಾಪಾರಿಯಾಗಿದ್ದ ಸಿಂಗ್, ಇಂಡಿಯಾ ಲೀಗ್ ಆಫ್ ಅಮೆರಿಕದ ಅಧ್ಯಕ್ಷರಾಗಿ, ಮತವೂ ಇಲ್ಲದೆ, ಮತದಾರ ಬಳಗವೂ ಇಲ್ಲದೆ, ಪತ್ರಕರ್ತರ ಮತ್ತು ಸಂಸದರ ಸ್ನೇಹದ ಬಲದಿಂದಲೇ ಭಾರತದ ಸ್ವಾತಂತ್ರ್ಯದ ಪರವಾಗಿಯೂ ಭಾರತೀಯರ ಪೌರತ್ವಕ್ಕಾಗಿಯೂ ಪ್ರಚಾರ ನಡೆಸಿದರು. 1946ರ ಜುಲೈನಲ್ಲಿ ಬಂದ ಲೂಸ್–ಸೆಲ್ಲರ್ ಕಾನೂನು ಭಾರತೀಯರಿಗೆ ಪೌರತ್ವದ ಹಾದಿ ತೆರೆದು ವರ್ಷಕ್ಕೆ 100 ಜನರ ವಲಸೆಗೆ ಅವಕಾಶ ಕೊಟ್ಟಿತು. ಹತ್ತೇ ವರ್ಷದಲ್ಲಿ, 1956ರಲ್ಲಿ, ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದರು.

ಇದು ನೆಲೆಸಿದ ದೇಶಕ್ಕೆ ಮಾಡುವ ದ್ರೋಹವಲ್ಲವೇ?

ಅಲ್ಲ. ರೈತರು ಬೆಂಬಲ ಬೆಲೆ ಕೇಳುವಂತೆ, ಕಾರ್ಖಾನೆಯ ಮಾಲೀಕರು ಸುಂಕ ವಿನಾಯಿತಿ ಕೇಳುವಂತೆ, ಪ್ರಜೆಗಳು ತಮಗೆ ಬೇಕಾದ ವಿದೇಶಾಂಗ ನೀತಿಯನ್ನು ಕೇಳುವುದು ಪ್ರಜಾಪ್ರಭುತ್ವದ ಸಹಜ ವ್ಯವಹಾರ. ಮೂಲದ ಕಾರಣಕ್ಕೆ ನಿಷ್ಠೆಯನ್ನು ಶಂಕಿಸಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದಕ್ಕೆ 1942ರಲ್ಲಿ ಅಮೆರಿಕ ಜಪಾನೀ ಮೂಲದ ಸುಮಾರು 1.2 ಲಕ್ಷ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದು ಸಾಕ್ಷಿ. ಅವರಲ್ಲಿ ಮೂರನೇ ಎರಡು ಭಾಗದಷ್ಟು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು. ಆದರೆ ಸಂಘಗಳಿಗೂ ಒಂದು ಹೊಣೆಯಿದೆ: ನಾವು ಕೇಳುತ್ತಿರುವುದು ಈ ದೇಶಕ್ಕೂ ಹೇಗೆ ಹಿತ ಎಂಬುದನ್ನು ಪ್ರಾಮಾಣಿಕವಾಗಿ ಹೇಳಲಾಗದಿದ್ದರೆ, ಆ ಬೇಡಿಕೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಒಳ್ಳೆಯದು.

ತಾಯ್ನಾಡಿನ ಸರ್ಕಾರವೇ ಹಣ ಅಥವಾ ಸೂಚನೆ ಕೊಟ್ಟರೆ?

ಆಗ ಪ್ರಶ್ನೆ ಬೇರೆಯೇ ಆಗುತ್ತದೆ. ಅಮೆರಿಕದ 1938ರ ಕಾನೂನಿನ ಪ್ರಕಾರ ವಿದೇಶಿ ಸರ್ಕಾರದ ಅಥವಾ ಪಕ್ಷದ ಸೂಚನೆಯಂತೆ ರಾಜಕೀಯ ಕೆಲಸ ಮಾಡುವವರು ವಿದೇಶಿ ಏಜೆಂಟರೆಂದು ನೋಂದಾಯಿಸಿಕೊಂಡು ಲೆಕ್ಕ ಒಪ್ಪಿಸಬೇಕು. ಆಸ್ಟ್ರೇಲಿಯಾ 2018ರಲ್ಲಿ ಇದೇ ಬಗೆಯ ವ್ಯವಸ್ಥೆ ತಂದಿತು. ಕೆನಡಾ 2024ರಲ್ಲಿ ಕಾನೂನು ಮಾಡಿತು. ಬ್ರಿಟನ್ನಿನ ನೋಂದಣಿ ಪದ್ಧತಿ 2025ರ ಜುಲೈ 1ರಿಂದ ಜಾರಿಯಲ್ಲಿದೆ. ತಾಯ್ನಾಡಿನ ಸರ್ಕಾರದ ನಿಲುವನ್ನು ಸ್ವಂತ ಬುದ್ಧಿಯಿಂದ ಒಪ್ಪುವುದು ಅಪರಾಧವಲ್ಲ. ಆದರೆ ಕರಡು ಪತ್ರ ರಾಯಭಾರ ಕಚೇರಿಯಿಂದ ಬಂದು, ಸಹಿ ಮಾತ್ರ ಸಂಘದ್ದಾದರೆ, ವಕೀಲರ ಸಲಹೆ ಪಡೆಯುವ ಸಮಯ ಬಂದಿದೆ ಎಂದರ್ಥ. ಪ್ರಾಯೋಗಿಕವಾಗಿಯೂ ಇದು ನಷ್ಟದ ವ್ಯವಹಾರ: ರಾಯಭಾರಿಯ ಮಾತನ್ನೇ ಗಿಳಿಪಾಠದಂತೆ ಒಪ್ಪಿಸುವ ಸಂಘವನ್ನು ಸಂಸದರು ಬೇಗ ಗುರುತಿಸುತ್ತಾರೆ.

ಸಂಘದ ಮಾತು ಇಡೀ ಸಮುದಾಯದ ಮಾತೇ?

ಬಹುಮಟ್ಟಿಗೆ ಅಲ್ಲ, ಮತ್ತು ಇದೇ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ದೌರ್ಬಲ್ಯ. ಸಂಘದಲ್ಲಿ ಸಮಯ ಕೊಡುವವರು ಅತಿ ಹೆಚ್ಚು ಕಾಳಜಿಯುಳ್ಳವರು. ಅತಿ ಹೆಚ್ಚು ಕಾಳಜಿಯುಳ್ಳವರು ಸಾಮಾನ್ಯವಾಗಿ ಅತಿ ಗಟ್ಟಿ ನಿಲುವಿನವರು. ಮಕ್ಕಳ ಶಾಲೆ, ಮನೆ ಸಾಲ ಎಂದು ತಲೆಕೆಡಿಸಿಕೊಂಡಿರುವ ಬಹುಸಂಖ್ಯಾತರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಊರು ಬಿಟ್ಟ ದಿನದ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡವರಿಗೆ ಆಮೇಲೆ ಊರು ಬದಲಾದದ್ದು ಕಾಣಿಸದಿರಬಹುದು. ಇರಾಕಿ ದೇಶಭ್ರಷ್ಟ ನಾಯಕ ಅಹ್ಮದ್ ಚಲಬಿ ದಶಕಗಳ ಕಾಲ ಹೊರಗಿದ್ದವರು. ಅವರ ಬಳಗದ ಮೂಲಕ ಬಂದ ಕೆಲವು ಮಾಹಿತಿದಾರರ ಸುಳ್ಳುಗಳು 2003ರ ಯುದ್ಧಕ್ಕೆ ಮುನ್ನ ವಾಷಿಂಗ್ಟನ್ನಿನಲ್ಲಿ ಸತ್ಯವೆಂದು ಚಲಾವಣೆಯಾದವು. ಯುದ್ಧದ ಬೆಲೆ ತೆತ್ತದ್ದು ಊರಿನಲ್ಲಿ ಉಳಿದಿದ್ದವರು. ಭಿನ್ನಮತ ಹೊರಬರುವುದು ಆರೋಗ್ಯದ ಲಕ್ಷಣ: ಇಸ್ರೇಲ್ ವಿಷಯದಲ್ಲಿ ಐಪ್ಯಾಕ್‌ಗಿಂತ ಬೇರೆಯಾಗಿ ಯೋಚಿಸುವ ಅಮೆರಿಕನ್ ಯಹೂದಿಗಳು 2008ರಲ್ಲಿ ಜೆ ಸ್ಟ್ರೀಟ್ ಎಂಬ ಸಂಘಟನೆ ಕಟ್ಟಿದ್ದು ಅದಕ್ಕೊಂದು ನಿದರ್ಶನ.

ಹೊಸದಾಗಿ ಸಂಘ ಕಟ್ಟುವವರು ಎಲ್ಲಿಂದ ಆರಂಭಿಸಬೇಕು?

ಮತದಾರರ ನೋಂದಣಿಯಿಂದ. ಅದು ಮುಗಿದ ಮೇಲೆ ಒಂದೇ ಒಂದು ಬೇಡಿಕೆಯನ್ನು ಆರಿಸಿಕೊಳ್ಳಿ. ಹನ್ನೆರಡು ಬೇಡಿಕೆಗಳ ಮನವಿಪತ್ರವನ್ನು ಯಾರೂ ಓದುವುದಿಲ್ಲ. ಬೇರೆ ಸಮುದಾಯದವರನ್ನು ಜೊತೆಗೆ ಸೇರಿಸಿಕೊಳ್ಳಿ, ಎರಡೂ ಪಕ್ಷಗಳಲ್ಲಿ ಸ್ನೇಹಿತರನ್ನು ಇಟ್ಟುಕೊಳ್ಳಿ. ಕೊಡುವ ಪ್ರತಿಯೊಂದು ಅಂಕಿಯೂ ಸರಿಯಾಗಿರಲಿ: ನಿಮ್ಮ ಹಾಳೆಯನ್ನು ನಂಬಿ ಸಂಸದರು ಸಭೆಯಲ್ಲಿ ತಪ್ಪು ಮಾತನಾಡುವಂತಾದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಫಲ ಸಿಕ್ಕಿತೋ ಇಲ್ಲವೋ ಎಂದು ಅಳೆಯುವುದು ಹೇಗೆ, ಎಷ್ಟು ಕಾಲ ಕಾಯಬೇಕು?

ಅರ್ಮೇನಿಯನ್ ಅಮೆರಿಕನ್ನರ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಬಹುದು. 1915ರಿಂದ ಆಟೊಮನ್ ಸಾಮ್ರಾಜ್ಯದಲ್ಲಿ ನಡೆದ ಹತ್ಯಾಕಾಂಡವನ್ನು ಅಮೆರಿಕ ನರಮೇಧ ಎಂಬ ಪದದಿಂದಲೇ ಕರೆಯಬೇಕು ಎಂಬುದು ಅವರ ಬೇಡಿಕೆ. ನೇಟೊ ಮಿತ್ರನಾದ ಟರ್ಕಿ ಮುನಿಸಿಕೊಳ್ಳುತ್ತದೆ ಎಂಬುದು ಪ್ರತಿ ಸರ್ಕಾರದ ಉತ್ತರ. 2000ದಲ್ಲಿ ನಿರ್ಣಯ ಮತಕ್ಕೆ ಬರುವ ಹೊತ್ತಿಗೆ ಕ್ಲಿಂಟನ್ ಅವರ ಕೋರಿಕೆಯ ಮೇರೆಗೆ ಹಿಂತೆಗೆಯಲಾಯಿತು. 2007ರಲ್ಲಿ ಪ್ರತಿನಿಧಿಗಳ ಸಭೆಯ ಸಮಿತಿ 27–21ರಿಂದ, 2010ರಲ್ಲಿ 23–22ರಿಂದ ಒಪ್ಪಿದರೂ ಪೂರ್ಣ ಸಭೆಯ ಮುಂದೆ ಅದು ಬರಲೇ ಇಲ್ಲ. 2019ರ ಅಕ್ಟೋಬರಿನಲ್ಲಿ ಟರ್ಕಿ ಉತ್ತರ ಸಿರಿಯಾಕ್ಕೆ ಸೇನೆ ನುಗ್ಗಿಸಿ ವಾಷಿಂಗ್ಟನ್ನಿನಲ್ಲಿ ಸಹಾನುಭೂತಿ ಕಳೆದುಕೊಂಡಿತು. ಅದೇ ತಿಂಗಳ 29ರಂದು ಅದೇ ಬೇಡಿಕೆಯ ನಿರ್ಣಯ ಪ್ರತಿನಿಧಿಗಳ ಸಭೆಯಲ್ಲಿ 405–11ರಿಂದ ಗೆದ್ದಿತು. ಸೆನೆಟ್ಟಿನಲ್ಲಿ ಒಬ್ಬೊಬ್ಬ ಸದಸ್ಯರ ಆಕ್ಷೇಪದಿಂದ ಮೂರು ಬಾರಿ ತಡೆಬಿದ್ದು, ಡಿಸೆಂಬರ್ 12ರಂದು ಅವಿರೋಧವಾಗಿ ಅಂಗೀಕಾರವಾಯಿತು. 2021ರ ಏಪ್ರಿಲ್ 24ರಂದು ಅಧ್ಯಕ್ಷ ಬೈಡನ್ ತಮ್ಮ ಹೇಳಿಕೆಯಲ್ಲಿ ಆ ಪದವನ್ನು ಬಳಸಿದರು.

ಇದೇ ಸಮುದಾಯ 1992ರಲ್ಲಿ ಇನ್ನೊಂದು ಗೆಲುವನ್ನೂ ಪಡೆದಿತ್ತು. ಅರ್ಮೇನಿಯಾದೊಂದಿಗೆ ಹಗೆತನವಿದ್ದ ನೆರೆಯ ಅಜರ್‌ಬೈಜಾನ್ ಸರ್ಕಾರಕ್ಕೆ ಅಮೆರಿಕದ ನೇರ ನೆರವನ್ನು ತಡೆಯುವ 907ನೇ ವಿಧಿ ಕಾನೂನಿನಲ್ಲಿ ಸೇರಿತು. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಮೇಲಿನ 2001ರ ದಾಳಿಯ ನಂತರ, ಭಯೋತ್ಪಾದನೆಯ ವಿರುದ್ಧದ ಹೋರಾಟಕ್ಕೆ ಅಜರ್‌ಬೈಜಾನ್ ಸಹಕಾರ ಬೇಕೆಂದು, ಆ ವಿಧಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕಾಂಗ್ರೆಸ್ ಅಧ್ಯಕ್ಷರಿಗೆ ಕೊಟ್ಟಿತು. 2002ರಿಂದ ವರ್ಷ ವರ್ಷವೂ ವಿನಾಯಿತಿಗೆ ಸಹಿ ಬೀಳುತ್ತಾ ಹೋಯಿತು. ವಿಧಿ ಪುಸ್ತಕದಲ್ಲಿ ಹಾಗೆಯೇ ಉಳಿಯಿತು. 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನ್ ಸೇನೆ ಅರ್ಮೇನಿಯನ್ನರು ನೆಲೆಸಿದ್ದ ನಾಗೋರ್ನೊ–ಕರಾಬಾಖ್ ಪ್ರದೇಶವನ್ನು ಎರಡು ದಿನದೊಳಗೆ ವಶಪಡಿಸಿಕೊಂಡಿತು. ಮುಂದಿನ ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು, ಅಂದರೆ ಅಲ್ಲಿದ್ದ ಹೆಚ್ಚುಕಡಿಮೆ ಎಲ್ಲರೂ, ಕಾರು ಟ್ರಕ್ಕುಗಳಲ್ಲಿ ಸಾಮಾನು ತುಂಬಿಕೊಂಡು, ಒಂದೇ ಒಂದು ಬೆಟ್ಟದ ರಸ್ತೆಯಲ್ಲಿ ಸಾಲುಗಟ್ಟಿ ಹೊರಟುಹೋದರು.